ಎದೆಹಾಲು ಪಂಪ್ ಮಾಡುವುದು, ಹಾಲು ಕಡಿಮೆಯಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಂಪ್ ಕೈಗೆ ಬಂದ ದಿನದಿಂದ ಬಾಣಂತಿಯ ಕಣ್ಣು ಬಾಟಲಿಯ ಮೇಲಿನ ಗೆರೆಗಳಲ್ಲೇ ನೆಟ್ಟಿರುತ್ತದೆ. ನಿನ್ನೆ 80 ಮಿ.ಲೀ. ಬಂದಿತ್ತು, ಇಂದು 50 ಮಾತ್ರ. ಉಳಿದ 30 ಎಲ್ಲಿ ಹೋಯಿತು ಎಂಬ ಚಿಂತೆಯಲ್ಲಿ, ಮೊದಲೇ ಹರಿದು ಹಂಚಿಹೋಗಿರುವ ನಿದ್ದೆಯೂ ಹಾಳಾಗುತ್ತದೆ. ಇಲ್ಲಿರುವ ಹೆಚ್ಚಿನ ಪ್ರಶ್ನೆಗಳು ಆ ಚಿಂತೆಯಿಂದಲೇ ಹುಟ್ಟಿದವು. ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆಯಲಾಗಿದೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ಚಿಕಿತ್ಸೆಯಲ್ಲಿರುವ ಶಿಶುವಿನ ವಿಷಯದಲ್ಲಿ ವೈದ್ಯರ ಮಾತೇ ಮೊದಲು.

ಪಂಪ್ ಮಾಡಿದರೆ ಬಾಟಲಿಯ ತಳ ಮುಚ್ಚುವಷ್ಟೇ ಬರುತ್ತದೆ. ನನಗೆ ಹಾಲು ಕಡಿಮೆಯೇ?

ಅಷ್ಟರಿಂದಲೇ ಹಾಗೆಂದು ತೀರ್ಮಾನಿಸಬೇಡಿ. ಬಾಟಲಿಯಲ್ಲಿ ಕಾಣುವುದು ಆ ಹೊತ್ತಿಗೆ, ಆ ಯಂತ್ರಕ್ಕೆ ಎದೆ ಬಿಟ್ಟುಕೊಟ್ಟ ಹಾಲು ಮಾತ್ರ. ಮಗು ಚೆನ್ನಾಗಿ ಮೊಲೆಯುಣ್ಣುತ್ತಿರುವಾಗ, ಎರಡು ಊಡಿಕೆಗಳ ನಡುವೆ ಪಂಪ್ ಮಾಡಿದರೆ ಎರಡೂ ಎದೆಗಳಿಂದ ಸೇರಿ 15ರಿಂದ 60 ಮಿ.ಲೀ. ಬರುವುದು ಸಹಜ. ಮಗು ಉಣ್ಣಬೇಕಿದ್ದ ಒಂದು ಸರದಿಯ ಬದಲಿಗೆ ಪಂಪ್ ಮಾಡಿದರೆ 60ರಿಂದ 120 ಮಿ.ಲೀ. ಬರಬಹುದು. ಬೆಳಗಿನ ಹೊತ್ತು ಹೆಚ್ಚು, ಸಂಜೆಗೆ ಕಡಿಮೆ. ಒಂದೇ ತಾಯಿಯ ಎರಡು ಎದೆಗಳಲ್ಲೂ ವ್ಯತ್ಯಾಸ ಇರುತ್ತದೆ.

ಚೆನ್ನಾಗಿ ಬಾಯಿ ಹಿಡಿಯುವ ಮಗು ನಾಲಿಗೆ, ದವಡೆ, ಮೈಬಿಸಿ ಎಲ್ಲವನ್ನೂ ಬಳಸಿ ಹಾಲು ಇಳಿಸಿಕೊಳ್ಳುತ್ತದೆ. ಪಂಪ್‌ಗೆ ಇರುವುದು ಸೆಳೆತವೊಂದೇ. ಮಗು ಗುಂಡುಗುಂಡಾಗಿ ಬೆಳೆಯುತ್ತಿದ್ದರೂ ಪಂಪ್‌ಗೆ ಹೆಚ್ಚು ಹಾಲು ಬಿಡದ ತಾಯಂದಿರು ಬಹಳ ಮಂದಿ ಇದ್ದಾರೆ. ಇತರರು ತುಂಬಿದ ಬಾಟಲಿಗಳ ಚಿತ್ರ ತೋರಿಸಿದಾಗ ಎದೆಗುಂದಬೇಡಿ. ಅವರಲ್ಲಿ ಅನೇಕರಿಗೆ ಮಗುವಿಗೆ ಬೇಕಾದುದಕ್ಕಿಂತ ಹೆಚ್ಚು ಹಾಲು ಬರುತ್ತಿರುತ್ತದೆ, ಅದರ ತೊಂದರೆಗಳು ಚಿತ್ರದಲ್ಲಿ ಕಾಣುವುದಿಲ್ಲ.

ಹಾಗಾದರೆ ಮಗುವಿಗೆ ಸಾಕಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಮಗುವನ್ನೇ ನೋಡಿ. ಐದನೆಯ ದಿನದ ನಂತರ 24 ಗಂಟೆಗಳಲ್ಲಿ ಕನಿಷ್ಠ 6 ಬಾರಿ ಚೆನ್ನಾಗಿ ಮೂತ್ರ ಮಾಡಬೇಕು, ಮೂತ್ರದ ಬಣ್ಣ ತಿಳಿಯಾಗಿರಬೇಕು. ಮೊದಲ ದಿನಗಳ ಕಪ್ಪು ಮಲ ಹಳದಿಗೆ ತಿರುಗಿರಬೇಕು. ಹುಟ್ಟಿದ ಮೇಲೆ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿಕೆ ಶೇ. 10ರ ಹತ್ತಿರ ಬಂದರೆ ವೈದ್ಯರು ಊಡಿಕೆಯನ್ನು ಗಮನವಿಟ್ಟು ಪರಿಶೀಲಿಸುತ್ತಾರೆ. ಸುಮಾರು ಎರಡು ವಾರಗಳೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿಕೆ ಸಾಮಾನ್ಯ. ಉಣ್ಣುವಾಗ ಗುಟುಕು ನುಂಗುವ ಸದ್ದು ಕೇಳಿಸುತ್ತದೆ, ಉಂಡ ಮೇಲೆ ಬಿಗಿದ ಮುಷ್ಟಿ ಸಡಿಲವಾಗುತ್ತದೆ. ತೂಕ ಮತ್ತು ಮೂತ್ರ ಸರಿಯಾಗಿದ್ದರೆ ಬಾಟಲಿಯ ಗೆರೆಗಳನ್ನು ಮರೆಯಬಹುದು.

ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಬಾಯಿ ಒಣಗಿದ್ದರೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ.

ಹಾಲು ಹೆಚ್ಚುವುದು, ಕಡಿಮೆಯಾಗುವುದು ಯಾವುದರಿಂದ?

ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿ ಬಗೆಹರಿಯುತ್ತವೆ. ಹೆರಿಗೆಯಲ್ಲಿ ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರೋನ್ ಹಾರ್ಮೋನು ಕುಸಿಯುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳಲು ತೊಡಗುತ್ತದೆ. ಅಲ್ಲಿಯವರೆಗೆ ಬರುವ ಗಟ್ಟಿಯಾದ ಗಿಣ್ಣುಹಾಲು ಚಮಚದ ಲೆಕ್ಕದಲ್ಲಿದ್ದರೂ ನವಜಾತ ಶಿಶುವಿನ ಪುಟ್ಟ ಹೊಟ್ಟೆಗೆ ಸಾಲುತ್ತದೆ. ಮಧುಮೇಹ, ಸಿಸೇರಿಯನ್ ಅಥವಾ ಹೆರಿಗೆಯಲ್ಲಿ ಹೆಚ್ಚು ರಕ್ತಸ್ರಾವ ಆಗಿದ್ದರೆ ಹಾಲು ತುಂಬಿಕೊಳ್ಳುವುದು ಒಂದೆರಡು ದಿನ ತಡವಾಗಬಹುದು.

ಇಷ್ಟು ಹಾರ್ಮೋನುಗಳ ಕೆಲಸ. ಅದರ ನಂತರ ಲೆಕ್ಕವನ್ನು ಎದೆಯೇ ಇಟ್ಟುಕೊಳ್ಳುತ್ತದೆ. ಹಾಲು ಒಳಗೇ ನಿಂತರೆ ಉತ್ಪತ್ತಿ ನಿಧಾನವಾಗುತ್ತದೆ, ಹೊರಗೆ ಹೋದರೆ ಚುರುಕಾಗುತ್ತದೆ. ನಿಂತ ಹಾಲಿನಲ್ಲೇ ಉತ್ಪತ್ತಿಯನ್ನು ತಡೆಯುವ ಅಂಶ ಇದೆ. ‘ಎದೆ ತುಂಬಲಿ, ಆಮೇಲೆ ಕೊಡೋಣ’ ಎಂದು ಕಾಯುವುದರಿಂದ ಆ ಒಂದು ಊಡಿಕೆಗೆ ಹೆಚ್ಚು ಹಾಲು ಸಿಗಬಹುದು, ಆದರೆ ಹೀಗೆಯೇ ದಿನಗಳು ಕಳೆದರೆ ಒಟ್ಟು ಹಾಲು ಇಳಿಯುತ್ತದೆ. ಎದೆ ಎಂದೂ ಪೂರ್ತಿ ಬರಿದಾಗುವುದಿಲ್ಲ ಎಂಬುದೂ ನೆನಪಿರಲಿ. ಮಗು ಒಂದು ಸಲಕ್ಕೆ ಸರಾಸರಿ ಅಲ್ಲಿರುವ ಹಾಲಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಕುಡಿಯುತ್ತದೆ. ಈಗ ತಾನೇ ಪಂಪ್ ಮಾಡಿದೆ, ಮಗು ಅಳುತ್ತಿದೆ ಎಂದರೆ ಧೈರ್ಯವಾಗಿ ಎದೆಗೆ ಹಚ್ಚಿಕೊಳ್ಳಿ.

ಆರು ವಾರಗಳಾದ ಮೇಲೆ ಎದೆ ಮೆತ್ತಗಾಗಿದೆ, ಹಾಲು ಸೋರುವುದೂ ನಿಂತಿದೆ. ಬತ್ತಿಹೋಯಿತೇ?

ಇಲ್ಲ. ಮಗುವಿನ ಅಗತ್ಯಕ್ಕೆ ಎದೆ ಹೊಂದಿಕೊಂಡಿದೆ. ಮೊದಲ ವಾರಗಳ ಬಿಗಿತ ಹಾಲಿನ ಜೊತೆಗೆ ಊತದಿಂದಲೂ ಆಗಿರುತ್ತದೆ, ಅದು ಇಳಿಯಲೇಬೇಕು. ಸಂಜೆ ಗಂಟೆಗಟ್ಟಲೆ ಮೊಲೆ ಬಿಡದೆ ಅಳುವುದು, ಕೆಲವು ದಿನ ಇದ್ದಕ್ಕಿದ್ದಂತೆ ಹೆಚ್ಚು ಉಣ್ಣುವುದು ಕೂಡ ಹಾಲು ಕಡಿಮೆಯಾದ ಗುರುತಲ್ಲ.

ಪಂಪ್ ಮಾಡಲು ಯಾವಾಗ ಆರಂಭಿಸಬೇಕು?

ಮಗು ಜೊತೆಯಲ್ಲೇ ಇದ್ದು ಚೆನ್ನಾಗಿ ಉಣ್ಣುತ್ತಿದ್ದರೆ ಮೊದಲ ಮೂರು ನಾಲ್ಕು ವಾರ ಪಂಪ್ ಬೇಕಾಗುವುದೇ ಇಲ್ಲ. ಆ ವಾರಗಳನ್ನು ಮಗುವಿಗೆ ಬಿಟ್ಟುಕೊಡಿ. ಸುಮ್ಮನೆ ಇರಲಿ ಎಂದು ಪಂಪ್ ಮಾಡುತ್ತಾ ಹೋದರೆ ಬೇಕಾದುದಕ್ಕಿಂತ ಹೆಚ್ಚು ಹಾಲು ತಯಾರಾಗಿ, ಎದೆ ಕಟ್ಟಿಕೊಳ್ಳುವ ತೊಂದರೆ ಶುರುವಾಗಬಹುದು.

ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಎದೆಗೆ ಹಚ್ಚಲು ಆಗುತ್ತಿಲ್ಲ. ಏನು ಮಾಡಲಿ?

ಇಲ್ಲಿ ಮಾತ್ರ ಕಾಯಬಾರದು. ಮೈಗೆ ತ್ರಾಣ ಬಂದ ಕೂಡಲೇ, ಸಾಧ್ಯವಾದರೆ ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಾಲು ಹಿಂಡಲು ಆರಂಭಿಸಿ. ಮೊದಲ ದಿನಗಳ ಗಿಣ್ಣುಹಾಲು ಅಂಟಂಟಾಗಿರುವುದರಿಂದ ಯಂತ್ರಕ್ಕಿಂತ ಕೈಗೇ ಚೆನ್ನಾಗಿ ಬರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಬುಡದಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳುಗಳನ್ನು ಒಂದಕ್ಕೊಂದು ಹತ್ತಿರ ತಂದು ಹಿಂಡಿ, ಸಡಿಲಿಸಿ. ಚರ್ಮದ ಮೇಲೆ ಬೆರಳು ಜಾರಬಾರದು. ಬಂದ ಹನಿಗಳನ್ನು ಸಿರಿಂಜ್‌ನಲ್ಲಿ ಹಿಡಿದು ದಾದಿಯರಿಗೆ ಕೊಡಿ, ಒಂದು ಹನಿಯೂ ವ್ಯರ್ಥವಲ್ಲ.

ಜೊತೆಗೆ ಎರಡೂ ಎದೆಗೆ ಒಟ್ಟಿಗೆ ಹಾಕುವ ಡಬಲ್ ಪಂಪ್ ಬಳಸಿ, ದಿನಕ್ಕೆ 8ರಿಂದ 10 ಬಾರಿ, ರಾತ್ರಿಯಲ್ಲಿ ಕನಿಷ್ಠ ಒಂದು ಬಾರಿ. ಮೊದಲ ಎರಡು ವಾರಗಳಲ್ಲಿ ಹಾಕಿದ ಶ್ರಮ ಮುಂದಿನ ತಿಂಗಳುಗಳ ಹಾಲಿಗೆ ಬುನಾದಿಯಾಗುತ್ತದೆ. ವೈದ್ಯರು ಒಪ್ಪಿದರೆ ಮಗುವನ್ನು ಬರಿಮೈಗೆ ಅಪ್ಪಿಕೊಂಡು ಕುಳಿತುಕೊಳ್ಳಿ, ಅದರ ನಂತರ ಪಂಪ್ ಮಾಡಿದಾಗ ಹಾಲು ಹೆಚ್ಚು ಬರುವುದು ಅನೇಕರ ಅನುಭವ.

ಒಂದು ಸಲಕ್ಕೆ ಎಷ್ಟು ಹೊತ್ತು ಪಂಪ್ ಮಾಡಬೇಕು?

ಸಾಮಾನ್ಯವಾಗಿ 15ರಿಂದ 20 ನಿಮಿಷ. ಹಾಲು ನಿಂತ ಮೇಲೆ ಇನ್ನೆರಡು ನಿಮಿಷ ಮುಂದುವರಿಸಿದರೆ ಎಷ್ಟೋ ಸಲ ಹಾಲು ಮತ್ತೊಮ್ಮೆ ಇಳಿಯುತ್ತದೆ. ಮುಕ್ಕಾಲು ಗಂಟೆ ಎಳೆದರೆ ತೊಟ್ಟು ಹುಣ್ಣಾಗುತ್ತದೆ. ಸಮಯ ಉದ್ದವಾಗುವುದಕ್ಕಿಂತ ಸರದಿಗಳು ಹೆಚ್ಚುವುದು ಮುಖ್ಯ: ದೀರ್ಘವಾದ ಎರಡು ಸರದಿಗಳಿಗಿಂತ ಚುಟುಕಾದ ಮೂರು ಮೇಲು.

ಪಂಪ್ ಮಾಡುವಾಗ ನೋವಾಗುತ್ತದೆ. ಸಹಿಸಿಕೊಳ್ಳಬೇಕೇ?

ಬೇಡ. ನೋವಿದ್ದರೆ ಹಾಲು ಇಳಿಯುವುದೂ ತಡೆಯುತ್ತದೆ. ಮೊದಲು ಫ್ಲ್ಯಾಂಜ್, ಅಂದರೆ ಎದೆಗೆ ಹಚ್ಚುವ ಆಲಿಕೆಯಾಕಾರದ ಭಾಗದ ಅಳತೆ ನೋಡಿ. ಅನೇಕ ಪಂಪ್‌ಗಳ ಜೊತೆ 24 ಮಿ.ಮೀ. ಅಳತೆಯದು ಬರುತ್ತದೆ, ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ. ಪಂಪ್ ಮಾಡುವ ಮೊದಲು ತೊಟ್ಟಿನ ಬುಡದ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆಯಿರಿ. ಸುತ್ತಲಿನ ಕಪ್ಪು ಭಾಗವನ್ನು ಸೇರಿಸಬೇಡಿ. ಆ ಅಳತೆಗೆ ಸಮ, ಅಥವಾ ಎರಡು ಮೂರು ಮಿ.ಮೀ. ಹೆಚ್ಚಿನದು ಹಲವರಿಗೆ ಸರಿಹೋಗುತ್ತದೆ. ತೊಟ್ಟು ಕೊಳವೆಯ ಗೋಡೆಗೆ ಉಜ್ಜಿದರೆ ಚಿಕ್ಕದಾಯಿತು, ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಹೋದರೆ ದೊಡ್ಡದಾಯಿತು ಎಂದು ತಿಳಿಯಿರಿ.

ಸೆಳೆತವನ್ನು ಹೆಚ್ಚಿಸಿದಷ್ಟೂ ಹಾಲು ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೋವಿಲ್ಲದೆ ತಡೆದುಕೊಳ್ಳಬಹುದಾದ ಮಟ್ಟವೇ ನಿಮ್ಮ ಮಟ್ಟ. ಮೊದಲು ಹಾಲು ಚೆನ್ನಾಗಿ ಬರುತ್ತಿದ್ದು ಈಚೆಗೆ ಕಡಿಮೆಯಾಗಿದ್ದರೆ ದೇಹವನ್ನು ಅನುಮಾನಿಸುವ ಮೊದಲು ಪಂಪ್‌ನ ವಾಲ್ವ್ ಪರೀಕ್ಷಿಸಿ. ಆ ಪುಟ್ಟ ಸಿಲಿಕೋನ್ ತುಂಡು ಸಡಿಲವಾದರೆ ಸೆಳೆತವೇ ಹೋಗುತ್ತದೆ. ದಿನವೂ ಹಲವು ಬಾರಿ ಬಳಸುವವರು ಅದನ್ನು ಕೆಲವು ವಾರಗಳಿಗೊಮ್ಮೆ ಬದಲಿಸಬೇಕಾಗುತ್ತದೆ.

ಎದೆ ತುಂಬಿದೆ, ಪಂಪ್ ಹಾಕಿದರೆ ಮಾತ್ರ ಹಾಲು ಇಳಿಯುವುದಿಲ್ಲ. ಯಾಕೆ?

ಹಾಲು ತಯಾರಾಗುವುದು ಒಂದು, ಅದು ಹೊರಗೆ ಹರಿಯುವುದು ಇನ್ನೊಂದು. ಹರಿಯಲು ಆಕ್ಸಿಟೋಸಿನ್ ಹಾರ್ಮೋನು ಬಿಡುಗಡೆಯಾಗಬೇಕು. ಅವಸರ, ಚಳಿ, ನೋವು, ಯಾರಾದರೂ ಬಂದಾರೆಂಬ ಅಳುಕು ಅದನ್ನು ತಡೆಯುತ್ತವೆ. ಮಗುವಿನ ಫೋಟೊ ಅಥವಾ ಅಳುವಿನ ಧ್ವನಿಮುದ್ರಣ, ಮಗು ತೊಟ್ಟು ಬಿಟ್ಟ ಬಟ್ಟೆಯ ವಾಸನೆ, ಎದೆಗೆ ಕೆಲವು ನಿಮಿಷ ಬಿಸಿ ಬಟ್ಟೆಯ ಶಾಖ, ಬೆನ್ನು ನೀವುವ ಒಂದು ಕೈ, ಇವೆಲ್ಲ ನಿಜಕ್ಕೂ ನೆರವಾಗುತ್ತವೆ. ಬಾಟಲಿಯ ಮೇಲೆ ಬಟ್ಟೆ ಮುಚ್ಚಿ ಗೆರೆ ಕಾಣದಂತೆ ಮಾಡಿಕೊಳ್ಳುವುದು ನಾನು ಎಲ್ಲರಿಗೂ ಹೇಳುವ ಉಪಾಯ. ಪಂಪ್ ನಡೆಯುತ್ತಿರುವಾಗ ಕೈಯಿಂದ ಎದೆಯನ್ನು ಹಗುರವಾಗಿ ಅದುಮುತ್ತಿದ್ದರೆ, ಕೊನೆಗೆ ಒಂದೆರಡು ನಿಮಿಷ ಕೈಯಿಂದಲೇ ಹಿಂಡಿದರೆ ಬರುವ ಹಾಲೂ ಅದರಲ್ಲಿನ ಕೊಬ್ಬೂ ಹೆಚ್ಚುತ್ತವೆ.

ಹಾಲು ಇಳಿಯುವ ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ದುಃಖ ಉಕ್ಕಿಬರುತ್ತದೆ. ನನಗೇನಾಗಿದೆ?

ಇದನ್ನು ಬಾಯಿಬಿಟ್ಟು ಹೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಹಾಲು ಇಳಿಯುವ ಮುನ್ನ ಕೆಲವು ಕ್ಷಣ ಅಥವಾ ಒಂದೆರಡು ನಿಮಿಷ ಕಾರಣವಿಲ್ಲದ ಸಂಕಟ, ಆತಂಕ, ಹೇವರಿಕೆ ಬಂದು ತಾನಾಗಿ ಹೋಗುವುದಕ್ಕೆ ವೈದ್ಯಕೀಯದಲ್ಲಿ ಡಿ-ಎಂಇಆರ್ ಎಂಬ ಹೆಸರಿದೆ. ಅದು ಹಾಲು ಇಳಿಯುವ ಹೊತ್ತಿನ ದೇಹದ ಪ್ರತಿಕ್ರಿಯೆ, ಮಗುವಿನ ಮೇಲಿನ ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ದುಃಖ ದಿನವಿಡೀ ಕಾಡುತ್ತಿದ್ದರೆ, ಮಗುವಿನ ಬಗ್ಗೆ ಅಥವಾ ನಿಮ್ಮ ಬಗ್ಗೆ ಭಯಂಕರ ಯೋಚನೆಗಳು ಬರುತ್ತಿದ್ದರೆ ಅದು ಬಾಣಂತನದ ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಇಂದೇ ಯಾರಿಗಾದರೂ ಹೇಳಿ.

ಕೆಲಸಕ್ಕೆ ಮರಳುತ್ತಿದ್ದೇನೆ. ಫ್ರೀಜರ್ ತುಂಬಾ ಹಾಲು ಕೂಡಿಡಬೇಕೇ?

ಬೇಕಿಲ್ಲ. ಎರಡು ಮೂರು ದಿನಗಳಿಗೆ ಸಾಲುವಷ್ಟು ಇದ್ದರೆ ಸಾಕು. ಇಂದು ಕಚೇರಿಯಲ್ಲಿ ಪಂಪ್ ಮಾಡಿದ್ದು ನಾಳೆಯ ಊಡಿಕೆಗೆ ಆಗುತ್ತದೆ. ಕೆಲಸ ಶುರುವಾಗುವ ಎರಡು ಮೂರು ವಾರ ಮೊದಲು ದಿನಕ್ಕೊಮ್ಮೆ, ಬೆಳಗಿನ ಊಡಿಕೆಯಾದ ಮೇಲೆ ಪಂಪ್ ಮಾಡಿ ಸ್ವಲ್ಪ ಸ್ವಲ್ಪವೇ ಸೇರಿಸಿಡಿ.

ಎಷ್ಟು ಬೇಕೆಂಬ ಲೆಕ್ಕ ಸುಲಭ. ಒಂದರಿಂದ ಆರು ತಿಂಗಳ ನಡುವೆ ಎದೆಹಾಲನ್ನೇ ಕುಡಿಯುವ ಮಗುವಿಗೆ ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಬೇಕು, ಮಗುವಿನಿಂದ ಮಗುವಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಈ ಅವಧಿಯಲ್ಲಿ ಮಗು ದೊಡ್ಡದಾದರೂ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ. ನೀವು ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಎಂದು ಹಿಡಿಯಿರಿ. ಹತ್ತು ಗಂಟೆಗೆ 300ರಿಂದ 450 ಆಯಿತು.

ಕೆಲಸದ ಹೊತ್ತಿನಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಪಂಪ್ ಮಾಡಿ. ಸಭೆಯ ನೆಪದಲ್ಲಿ ಒಂದು ಸರದಿ ತಪ್ಪಿದರೆ ಆಕಾಶ ಬೀಳುವುದಿಲ್ಲ, ವಾರವಿಡೀ ತಪ್ಪಿದರೆ ಹಾಲು ಕಡಿಮೆಯಾಗುತ್ತದೆ. ಬಿಡುವು ಮತ್ತು ಬಾಗಿಲು ಹಾಕಿಕೊಳ್ಳುವ ಕೋಣೆ ಕೇಳಲು ಸಂಕೋಚ ಬೇಡ. ಶೌಚಾಲಯದಲ್ಲಿ ಕುಳಿತು ಮಗುವಿನ ಆಹಾರ ತಯಾರಿಸುವ ಗತಿ ಯಾವ ತಾಯಿಗೂ ಬರಬಾರದು. ಮನೆಗೆ ಬಂದ ಕೂಡಲೇ, ರಾತ್ರಿ, ರಜಾದಿನಗಳಲ್ಲಿ ನೇರವಾಗಿ ಎದೆಹಾಲುಣಿಸಿ. ಹಾಲನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ರಾತ್ರಿಯ ಪಂಪ್ ಬಿಟ್ಟು ಮಲಗಬಹುದೇ?

ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಪಂಪ್ ಹಾಲನ್ನೇ ನಂಬಿಕೊಂಡಿದ್ದರೆ, ಬೇಡ. ಹಾಲು ತಯಾರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್‌ನ ಮಟ್ಟ ರಾತ್ರಿಯಲ್ಲೇ ಹೆಚ್ಚು. ಮಗು ರಾತ್ರಿ ಎದೆಗೆ ಬರುತ್ತಿದ್ದರೆ ಪ್ರತ್ಯೇಕವಾಗಿ ಎದ್ದು ಪಂಪ್ ಮಾಡುವ ಅಗತ್ಯವೇ ಇಲ್ಲ. ಹಾಲು ಸ್ಥಿರವಾದ ಮೇಲೆ ನಿಧಾನವಾಗಿ ನಿದ್ದೆಯ ಅವಧಿಯನ್ನು ಹಿಗ್ಗಿಸಿ ನೋಡಿ. ಒಬ್ಬೊಬ್ಬರ ಎದೆ ಹಿಡಿದಿಟ್ಟುಕೊಳ್ಳುವ ಹಾಲಿನ ಪ್ರಮಾಣ ಒಂದೊಂದು. ಕೆಲವರು ಏಳು ಗಂಟೆ ಮಲಗಿದರೂ ಹಾಲು ಕಡಿಮೆಯಾಗುವುದಿಲ್ಲ, ಇನ್ನು ಕೆಲವರಿಗೆ ಐದು ಗಂಟೆಯೇ ಮಿತಿ.

ನಿಜವಾಗಿಯೂ ಹಾಲು ಕಡಿಮೆಯಾಗಿದೆ. ಹೆಚ್ಚಿಸುವುದು ಹೇಗೆ?

ಮೊದಲು ಮಗು ಬಾಯಿ ಹಿಡಿಯುವ ರೀತಿಯನ್ನು ತಿಳಿದವರಿಂದ ಪರೀಕ್ಷಿಸಿ. ಆಮೇಲೆ ಹಾಲು ತೆಗೆಯುವ ಸರದಿಗಳನ್ನು ದಿನಕ್ಕೆ ಒಂದೆರಡು ಹೆಚ್ಚಿಸಿ. ‘ಪವರ್ ಪಂಪಿಂಗ್’ ಎಂಬ ವಿಧಾನವನ್ನೂ ಪ್ರಯತ್ನಿಸಬಹುದು: 20 ನಿಮಿಷ ಪಂಪ್, 10 ನಿಮಿಷ ಬಿಡುವು, 10 ನಿಮಿಷ ಪಂಪ್, 10 ನಿಮಿಷ ಬಿಡುವು, ಮತ್ತೆ 10 ನಿಮಿಷ ಪಂಪ್. ಮಗು ಬಿಟ್ಟು ಬಿಟ್ಟು ಉಣ್ಣುವುದನ್ನು ಇದು ಅನುಕರಿಸುತ್ತದೆ. ದಿನಕ್ಕೊಮ್ಮೆ ಮಾಡಿದರೆ ಸಾಕು. ಫಲ ಕಾಣಲು ಕೆಲವು ದಿನ, ಒಮ್ಮೊಮ್ಮೆ ಒಂದು ವಾರವೇ ಬೇಕಾಗುತ್ತದೆ. ಎರಡನೆಯ ದಿನಕ್ಕೇ ಕೈಬಿಡಬೇಡಿ.

ಅಷ್ಟಾದರೂ ಏರದಿದ್ದರೆ ಕಾರಣ ಹುಡುಕಬೇಕು. ಥೈರಾಯ್ಡ್ ತೊಂದರೆ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ), ಹಿಂದೆ ಆದ ಸ್ತನದ ಶಸ್ತ್ರಚಿಕಿತ್ಸೆ, ಹಾಲಿನ ಗ್ರಂಥಿಗಳೇ ಕಡಿಮೆ ಬೆಳೆದಿರುವುದು, ಹೊಸ ಗರ್ಭ, ಧೂಮಪಾನ, ಇವೆಲ್ಲ ಹಾಲನ್ನು ಕುಗ್ಗಿಸುತ್ತವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಕೂಡ ಕುಗ್ಗಿಸಬಲ್ಲವು. ಹಾಲುಣಿಸುತ್ತಿದ್ದೇನೆ ಎಂದು ಪ್ರತಿ ವೈದ್ಯರಿಗೂ ನೀವೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.

ಹಾಲು ಹೆಚ್ಚಿಸುವ ಆಹಾರ, ಗಿಡಮೂಲಿಕೆ, ಮಾತ್ರೆ?

ಹೊಟ್ಟೆ ತುಂಬಾ ಊಟ ಮಾಡಿ. ಹಾಲುಣಿಸುವ ದೇಹಕ್ಕೆ ದಿನಕ್ಕೆ ಸುಮಾರು 330ರಿಂದ 500 ಕ್ಯಾಲೊರಿ ಹೆಚ್ಚು ಬೇಕು. ನೀರು ಬಾಯಾರಿಕೆ ತೀರುವಷ್ಟು ಕುಡಿದರೆ ಸಾಕು, ಅದಕ್ಕಿಂತ ಹೆಚ್ಚು ಕುಡಿದುದರಿಂದ ಹಾಲು ಹೆಚ್ಚುವುದಿಲ್ಲ. ಗಿಡಮೂಲಿಕೆಗಳ ಬಗ್ಗೆ ಇರುವ ಪುರಾವೆ ದುರ್ಬಲ, ಕೆಲವು ಬೇರೆ ಔಷಧಿಗಳ ಜೊತೆ ಹೊಂದುವುದೂ ಇಲ್ಲ. ಹಾಲು ಹೆಚ್ಚಿಸಲೆಂದು ಕೆಲವೊಮ್ಮೆ ಕೊಡುವ ಡೊಂಪೆರಿಡೋನ್ ಮಾತ್ರೆ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು, ವೈದ್ಯರ ಸಲಹೆಯಿಲ್ಲದೆ ಮುಟ್ಟಬೇಡಿ. ಹಾಲು ಹೊರಗೆ ಹೋಗದಿದ್ದರೆ ಇವು ಯಾವುದೂ ಕೆಲಸ ಮಾಡುವುದಿಲ್ಲ.

ಪಂಪ್ ಮಾಡಿದ ಹಾಲನ್ನು ಎಷ್ಟು ಹೊತ್ತು ಇಡಬಹುದು?

ಆಗಷ್ಟೇ ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಕೋಣೆ ಅದಕ್ಕಿಂತ ಬಿಸಿಯಾಗಿದ್ದರೆ ಬೇಗ ಫ್ರಿಜ್‌ಗೆ ಸೇರಿಸಿ. ಫ್ರಿಜ್‌ನಲ್ಲಿ 4 ದಿನ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 6 ತಿಂಗಳವರೆಗೆ ಉತ್ತಮ, 12 ತಿಂಗಳವರೆಗೂ ಬಳಸಬಹುದು. ಫ್ರಿಜ್‌ನ ಬಾಗಿಲಲ್ಲಿ ಇಡಬೇಡಿ, ಹಿಂಬದಿಗೆ ತಳ್ಳಿ. ಹೆಪ್ಪುಗಟ್ಟಿದ್ದು ಫ್ರಿಜ್‌ನಲ್ಲಿ ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ಮಗು ಕುಡಿದು ಬಿಟ್ಟ ಹಾಲನ್ನು 2 ಗಂಟೆಯ ನಂತರ ಚೆಲ್ಲಿ.

60ರಿಂದ 120 ಮಿ.ಲೀ. ಅಳತೆಯಲ್ಲಿ ತುಂಬಿ, ದಿನಾಂಕ ಬರೆದು, ಹಿಗ್ಗಲು ಜಾಗ ಬಿಟ್ಟು ಇಡಿ. ಬೆಚ್ಚಗಿನ ಹಾಲನ್ನು ತಣ್ಣಗಿರುವುದಕ್ಕೆ ಸೇರಿಸುವ ಮೊದಲು ಅದನ್ನೂ ತಣಿಸಿ. ಬಿಸಿ ಮಾಡಬೇಕಾದರೆ ಬಿಸಿನೀರಿನ ಪಾತ್ರೆಯಲ್ಲಿಡಿ. ಮೈಕ್ರೋವೇವ್ ಬೇಡವೇ ಬೇಡ: ಹಾಲು ಅಲ್ಲಲ್ಲಿ ಕುದಿಯುವಷ್ಟು ಬಿಸಿಯಾಗಿ ಮಗುವಿನ ಬಾಯಿ ಸುಡುತ್ತದೆ. ಕೆನೆ ಮೇಲೆ ನಿಂತಿದ್ದರೆ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಬೆರೆಸಿ.

ಫ್ರೀಜರ್‌ನಿಂದ ತೆಗೆದ ಹಾಲು ಸೋಪಿನ ವಾಸನೆ ಬರುತ್ತದೆ. ಕೆಟ್ಟಿದೆಯೇ?

ಹಾಲಿನಲ್ಲಿರುವ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆದಾಗ ಹೀಗಾಗುತ್ತದೆ. ಸರಿಯಾಗಿ ಕಾಪಾಡಿದ್ದರೆ ಅಪಾಯವಿಲ್ಲ, ಕೆಲವು ಮಕ್ಕಳು ಮೂಸಿಯೂ ನೋಡದೆ ಕುಡಿಯುತ್ತವೆ. ಮಗು ಒಲ್ಲೆನೆಂದರೆ, ಮುಂದೆ ಹೆಪ್ಪುಗಟ್ಟಿಸುವ ಮೊದಲು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವವರೆಗೆ ಕಾಯಿಸಿ, ಕುದಿಯಲು ಬಿಡದೆ ಬೇಗ ತಣಿಸಿ ಇಡಿ.

ಬಾಟಲಿ ರೂಢಿಯಾದರೆ ಮಗು ಎದೆಯನ್ನು ಬಿಟ್ಟುಬಿಡುತ್ತದೆಯೇ?

ಬಾಟಲಿಯಲ್ಲಿ ಹಾಲು ಸಲೀಸಾಗಿ ಸುರಿಯುವುದರಿಂದ ಆ ಭಯ ನಿರಾಧಾರವಲ್ಲ. ನಿಧಾನ ಹರಿವಿನ ನಿಪ್ಪಲ್ ಬಳಸಿ, ಮಗುವನ್ನು ಬಹುತೇಕ ನೆಟ್ಟಗೆ ಕೂರಿಸಿ, ಬಾಟಲಿಯನ್ನು ಅಡ್ಡಲಾಗಿ ಹಿಡಿದು, ನಡುನಡುವೆ ನಿಲ್ಲಿಸುತ್ತಾ ಕುಡಿಸಬೇಕು. ಮಗುವನ್ನು ನೋಡಿಕೊಳ್ಳುವವರಿಗೂ ಇದನ್ನು ಕಲಿಸಿ. ಅವಸರದಲ್ಲಿ ಕುಡಿಸಿದರೆ ಮಗು ಬೇಕಾದುದಕ್ಕಿಂತ ಹೆಚ್ಚು ಕುಡಿಯುತ್ತದೆ, ‘ನಿಮ್ಮ ಹಾಲು ಸಾಲುತ್ತಿಲ್ಲ’ ಎಂಬ ಮಾತು ತಾಯಿಯ ಕಿವಿಗೆ ಬೀಳುತ್ತದೆ.

ಪಂಪ್ ತೊಳೆಯುವುದು ಹೇಗೆ?

ಹಾಲು ತಾಗುವ ಭಾಗಗಳನ್ನು ಪ್ರತಿ ಬಾರಿಯೂ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಒರೆಸದೆ ಗಾಳಿಗೆ ಒಣಗಿಸಿ. ಎರಡು ತಿಂಗಳೊಳಗಿನ ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಿದ್ದರೆ ದಿನಕ್ಕೊಮ್ಮೆ ಕುದಿಸಿ ಅಥವಾ ಹಬೆಯಲ್ಲಿ ಸೋಂಕು ಕಳೆಯಿರಿ. ಒಬ್ಬರಿಗೆಂದು ಮಾಡಿದ ಪಂಪ್‌ಗಳ ಮೋಟರಿನೊಳಗೆ ಹಾಲು ಸೇರಿರಬಹುದಾದ್ದರಿಂದ ಇನ್ನೊಬ್ಬರು ಬಳಸಿದ್ದನ್ನು ತೆಗೆದುಕೊಳ್ಳಬೇಡಿ.

ಎದೆಯಲ್ಲಿ ಗಂಟು, ಕೆಂಪು, ಜ್ವರ. ಪಂಪ್ ಮಾಡಿ ಪೂರ್ತಿ ಖಾಲಿ ಮಾಡಬೇಕೇ?

ಹಿಂದೆ ಹಾಗೆ ಹೇಳುತ್ತಿದ್ದರು, ಈಗಿನ ತಿಳಿವಳಿಕೆ ಬೇರೆ. ಗಂಟನ್ನು ಬಲವಾಗಿ ತಿಕ್ಕುವುದು, ಪದೇ ಪದೇ ಪಂಪ್ ಮಾಡುವುದು ಊತವನ್ನು ಹೆಚ್ಚಿಸುತ್ತವೆ. ಮಗುವಿಗೆ ಎಂದಿನಂತೆ ಊಡಿಸಿ, ಊಡಿಕೆಗಳ ನಡುವೆ ತಣ್ಣನೆಯ ಪಟ್ಟಿ ಇಡಿ, ವೈದ್ಯರು ಹೇಳಿದ ನೋವಿನ ಮಾತ್ರೆ ತೆಗೆದುಕೊಂಡು ವಿಶ್ರಾಂತಿ ಪಡೆಯಿರಿ. ಒಂದು ದಿನದಲ್ಲಿ ಇಳಿಯದಿದ್ದರೆ, ಅಥವಾ ಜ್ವರ ಹೆಚ್ಚಾಗಿ ಮೈ ನಡುಗಿದರೆ ಆಂಟಿಬಯೋಟಿಕ್ ಬೇಕಾಗಬಹುದು, ತಡಮಾಡದೆ ವೈದ್ಯರನ್ನು ಕಾಣಿ. ಆ ಎದೆಯ ಹಾಲಿನಿಂದ ಮಗುವಿಗೆ ಅಪಾಯವಿಲ್ಲ. ತಾಯಿಗೆ ಸಾಮಾನ್ಯ ನೆಗಡಿ, ಜ್ವರ ಇದ್ದರೂ ಹಾಲುಣಿಸಬಹುದು.

ಸ್ವಲ್ಪ ಫಾರ್ಮುಲಾ (ಶಿಶುಗಳ ಪುಡಿಹಾಲು) ಸೇರಿಸಿದರೆ ಎಲ್ಲವೂ ಮುಗಿದಂತೆಯೇ?

ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನಂತರ ಇತರ ಆಹಾರದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು. ಅದು ಗುರಿ, ತಾಯಂದಿರನ್ನು ಅಳೆಯುವ ಕೋಲಾಗಬಾರದು. ಅರ್ಧ ಎದೆಹಾಲು ಕೊಡಲು ಸಾಧ್ಯವಾದರೆ ಆ ಅರ್ಧಕ್ಕೂ ಪೂರ್ಣ ಬೆಲೆ ಇದೆ. ಹಾಲು ಉಳಿಸಿಕೊಳ್ಳಬೇಕೆಂದಿದ್ದರೆ ಫಾರ್ಮುಲಾ ಕೊಟ್ಟ ಸರದಿಯಲ್ಲೂ ಪಂಪ್ ಮಾಡಿ.

ಪಂಪ್ ನಿಲ್ಲಿಸುವುದು ಹೇಗೆ?

ಒಮ್ಮೆಲೇ ಬೇಡ, ಎದೆ ಕಟ್ಟಿಕೊಳ್ಳುತ್ತದೆ. ಮೂರು ನಾಲ್ಕು ದಿನಗಳಿಗೊಂದು ಸರದಿ ಕೈಬಿಡಿ, ಅಥವಾ ಪ್ರತಿ ಸರದಿಯ ಸಮಯವನ್ನು ಎರಡು ಮೂರು ನಿಮಿಷ ಕಡಿಮೆ ಮಾಡುತ್ತಾ ಬನ್ನಿ. ಬಿಗಿತ ಹೆಚ್ಚಾದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ. ಬೆಳಗಿನ ಮೊದಲ ಸರದಿಯನ್ನು ಕೊನೆಗೆ ಬಿಡುವುದು ಹೆಚ್ಚಿನವರಿಗೆ ಅನುಕೂಲ. ನಿಲ್ಲಿಸಿದ ಮೇಲೂ ಕೆಲವು ವಾರ ಒತ್ತಿದಾಗ ಹನಿ ಹಾಲು ಕಾಣಬಹುದು, ಅದು ಸಹಜ. ಫ್ರೀಜರ್‌ನಲ್ಲಿ ಉಳಿದುದನ್ನು ಹಳೆಯ ದಿನಾಂಕದಿಂದ ಆರಂಭಿಸಿ ಮಗುವಿಗೆ ಕೊಡುತ್ತಾ ಬನ್ನಿ.